ಒಂದು ಗ್ರಾಮ ಹೊತ್ತ ಹರಕೆ

(ಧರ್ಮಕೇಂದ್ರದ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವನಿಗೆ ಹಿಂದಿನವರನ್ನು ಸ್ಮರಿಸುವುದು ಮೊದಲ ಕರ್ತವ್ಯ. ಆ ಕರ್ತವ್ಯವನ್ನು ನನಗಿಂತ ಸಮರ್ಥರಾದವರು ಈ ವೇದಿಕೆಯಲ್ಲಿ ಈಗಾಗಲೇ ನೆರವೇರಿಸಿದ್ದಾರೆ. ಆದ್ದರಿಂದ ಹಿರಿಯರು ಬಿಟ್ಟುಹೋದದ್ದನ್ನು ಕಿರಿಯರು ಹೇಗೆ ಹೊರಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾನು ಎತ್ತಿಕೊಂಡಿದ್ದೇನೆ. ಇದಕ್ಕೆ ಉತ್ತರ ಹುಡುಕಲು ತಮ್ಮನ್ನು ದೂರದ ಜರ್ಮನಿಯ ಒಂದು ಸಣ್ಣ ಗ್ರಾಮಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಆ ಗ್ರಾಮದ ಜನ ಸುಮಾರು ನಾಲ್ಕು ಶತಮಾನಗಳ ಹಿಂದೆ ದೇವರ ಮುಂದೆ ಒಂದು ಹರಕೆ ಹೊತ್ತರು. ಹೊತ್ತವರು ಮಣ್ಣಾಗಿ ಎಷ್ಟೋ ತಲೆಮಾರುಗಳು ಕಳೆದಿವೆ. ಹರಕೆ ಮಾತ್ರ ಇಂದಿಗೂ ಸಲ್ಲುತ್ತಿದೆ. ಆದರೆ ಅದು ಸಂದ ಬಗೆ ಒಂದೇ ತೆರನಾಗಿ ಉಳಿದಿಲ್ಲ. ಅದರಲ್ಲಿ ಭಕ್ತಿಯಿದೆ, ಲಾಭವಿದೆ, ಪಾಪವಿದೆ, ಪಶ್ಚಾತ್ತಾಪವೂ ಇದೆ.

ಆ ಗ್ರಾಮದ ಹೆಸರು ಓಬರಾಮರ್‌ಗೌ. ಮ್ಯೂನಿಕ್ ನಗರದಿಂದ ನೈಋತ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿ, ಅಮ್ಮರ್ ನದಿಯ ಕಣಿವೆಯಲ್ಲಿ ಅದು ಇದೆ. ಜನಸಂಖ್ಯೆ ಐದು ಸಾವಿರವನ್ನು ಸ್ವಲ್ಪ ದಾಟಿದೆ, ಅಷ್ಟೆ. ಊರಿನ ನೆತ್ತಿಯ ಮೇಲೆ 1,342 ಮೀಟರ್ ಎತ್ತರದ ಕೋಫೆಲ್ ಎಂಬ ಬೋಳು ಶಿಖರ, ಅದರ ತುದಿಯಲ್ಲಿ ಒಂದು ಶಿಲುಬೆ. ಸಮೀಪದಲ್ಲಿಯೇ ಚಕ್ರವರ್ತಿ ಲುಡ್ವಿಗನು 1330ರಲ್ಲಿ ಸ್ಥಾಪಿಸಿದ ಎಟ್ಟಾಲ್ ಎಂಬ ಬೆನೆಡಿಕ್ಟ್ ಸಭೆಯ ಮಠ. ಊರ ನಡುವೆ ಸಂತ ಪೇತ್ರ ಮತ್ತು ಸಂತ ಪೌಲರಿಗೆ ಅರ್ಪಿತವಾದ ದೇವಾಲಯ. ಈಗಿನ ಕಟ್ಟಡವನ್ನು 18ನೆಯ ಶತಮಾನದ ಮಧ್ಯಭಾಗದಲ್ಲಿ ಯೋಸೆಫ್ ಶ್ಮುಟ್ಸರ್ ಎಂಬ ಶಿಲ್ಪಿ ಕಟ್ಟಿದನು; ಚಾವಣಿಯ ಚಿತ್ರಗಳನ್ನು ಮತ್ತೇಯುಸ್ ಗ್ಯುಂಟರ್ ಬರೆದನು.

ಈ ಕಣಿವೆಯಲ್ಲಿ ಬೇಸಾಯ ಹೊಟ್ಟೆ ತುಂಬಿಸುವಷ್ಟು ಬೆಳೆ ಕೊಡುತ್ತಿರಲಿಲ್ಲ. ಚಳಿಗಾಲ ದೀರ್ಘ, ನೆಲ ಇಕ್ಕಟ್ಟು. ಆದುದರಿಂದ ಜನ ಮರದ ಕೆತ್ತನೆಯನ್ನು ಕಸುಬಾಗಿ ಹಿಡಿದರು. ಶಿಲುಬೆಗಳು, ಸಂತರ ಪ್ರತಿಮೆಗಳು, ಕ್ರಿಸ್ತಜಯಂತಿಯ ಗೋದಲಿಯ ಬೊಂಬೆಗಳು, ಮಕ್ಕಳ ಆಟಿಕೆಗಳು ಇವನ್ನು ಕೆತ್ತಿ, ಬೆನ್ನಿಗೆ ಕಟ್ಟಿಕೊಂಡ ಮರದ ಚೌಕಟ್ಟಿನಲ್ಲಿ ಜೋಡಿಸಿ, ಊರಿಂದೂರಿಗೆ, ದೇಶದಿಂದ ದೇಶಕ್ಕೆ ನಡೆದು ಮಾರಿದರು. ಮನೆಗಳ ಹೊರಗೋಡೆಗಳ ಮೇಲೆ ಸುವಾರ್ತೆಯ ದೃಶ್ಯಗಳನ್ನು ವರ್ಣದಲ್ಲಿ ಚಿತ್ರಿಸುವ ಪದ್ಧತಿಯೂ ಅಲ್ಲಿ ಬೆಳೆಯಿತು. 18ನೆಯ ಶತಮಾನದಲ್ಲಿ ಅಲ್ಲಿಯೇ ಹುಟ್ಟಿದ ಫ್ರಾನ್ಸ್ ಸೆರಾಫ್ ಟ್ಸ್ವಿಂಕ್ ಎಂಬ ಕಲಾವಿದನು ಅಲಂಕರಿಸಿದ ‘ಪಿಲಾತನ ಮನೆ’ ಇಂದಿಗೂ ದಾರಿಹೋಕರನ್ನು ತಡೆದು ನಿಲ್ಲಿಸುತ್ತದೆ. ಹೀಗೆ ಕ್ರಿಸ್ತರ ಶ್ರಮೆಯ ಕಥೆಯನ್ನು ಕೈಯಿಂದ ಕೆತ್ತುತ್ತ, ಗೋಡೆಯ ಮೇಲೆ ನೋಡುತ್ತ ಬಾಳಿದ ಜನ ಅವರು.

ಹರಕೆಯ ಸಂದರ್ಭಕ್ಕೆ ಬರೋಣ. 1618ರಲ್ಲಿ ಆರಂಭವಾಗಿ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ಜರ್ಮನಿಯನ್ನು ಸುಡುಗಾಡಾಗಿಸಿತ್ತು. 1632ರಲ್ಲಿ ಸ್ವೀಡನ್ನಿನ ಸೈನ್ಯ ಬವೇರಿಯಕ್ಕೆ ನುಗ್ಗಿತು. ಸೈನ್ಯದ ಹಿಂದೆ ಹಸಿವು, ಹಸಿವಿನ ಹಿಂದೆ ಪ್ಲೇಗು. ಓಬರಾಮರ್‌ಗೌ ಜನ ಊರಿನ ದಾರಿಗಳಿಗೆ ಕಾವಲು ಹಾಕಿ ಹೊರಗಿನವರು ಬಾರದಂತೆ ತಡೆದರು. ಆದರೆ ಕಾಸ್ಪರ್ ಶಿಸ್ಲರ್ ಎಂಬ ಕೂಲಿಗಾರನು ನೆರೆಯ ಎಶೆನ್‌ಲೋಹೆ ಗ್ರಾಮದಲ್ಲಿ ದುಡಿಯುತ್ತಿದ್ದವನು, ಊರಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕಾಣುವ ಆಸೆಯಿಂದ ಕಾವಲುಗಾರರ ಕಣ್ಣು ತಪ್ಪಿಸಿ ರಾತ್ರಿಯಲ್ಲಿ ಮನೆ ಸೇರಿದನೆಂದು ಗ್ರಾಮದ ಹಳೆಯ ವೃತ್ತಾಂತ ಹೇಳುತ್ತದೆ. ಅವನೊಡನೆ ರೋಗವೂ ಊರೊಳಗೆ ಬಂದಿತು. ಅವನು ಸತ್ತನು. 1633ರ ಅಕ್ಟೋಬರ್ ವೇಳೆಗೆ ಊರಿನಲ್ಲಿ 84 ಮಂದಿ ಮಡಿದಿದ್ದರೆಂಬುದು ಆ ವೃತ್ತಾಂತದ ಲೆಕ್ಕ. ಬೆರಳೆಣಿಕೆಯ ಮನೆಗಳ ಊರಿಗೆ ಅದು ಎಂತಹ ಏಟು ಎಂಬುದನ್ನು ಊಹಿಸಿಕೊಳ್ಳಬಹುದು.

ಆಗ ಊರಿನ ಆಡಳಿತ ನಡೆಸುತ್ತಿದ್ದ ‘ಆರು ಮಂದಿ ಹಾಗೂ ಹನ್ನೆರಡು ಮಂದಿ’ ಎಂಬ ಹಿರಿಯರ ಸಭೆ ದೇವಾಲಯದಲ್ಲಿ ಕೂಡಿತು. ದೇವರು ಈ ಮಾರಿಯಿಂದ ತಮ್ಮನ್ನು ಪಾರುಮಾಡಿದರೆ, ಹತ್ತು ವರ್ಷಗಳಿಗೊಮ್ಮೆ ಪ್ರಭು ಯೇಸುವಿನ ಶ್ರಮೆ ಮತ್ತು ಮರಣದ ಕಥೆಯನ್ನು ನಾಟಕವಾಗಿ ಆಡುವೆವು ಎಂದು ಅವರು ಹರಕೆ ಹೊತ್ತರು. ಅಂದಿನಿಂದ ಪ್ಲೇಗಿಗೆ ಯಾರೊಬ್ಬರೂ ಬಲಿಯಾಗಲಿಲ್ಲವೆಂದು ಆ ವೃತ್ತಾಂತ ದಾಖಲಿಸಿದೆ. 1634ರ ಪೆಂತೆಕೊಸ್ತ್ ಹಬ್ಬದ ಸಮಯದಲ್ಲಿ ಮೊದಲ ನಾಟಕ ನಡೆಯಿತು. ನಡೆದ ಸ್ಥಳ ದೇವಾಲಯದ ಪಕ್ಕದ ಸಮಾಧಿ ಭೂಮಿ. ಮಡಿದವರ ಮಣ್ಣು ಇನ್ನೂ ಹಸಿಯಾಗಿದ್ದಾಗ ಅದರ ಮೇಲೆಯೇ ಹಲಗೆ ಹಾಸಿ ಉಳಿದವರು ಕ್ರಿಸ್ತರ ಮರಣವನ್ನು ಅಭಿನಯಿಸಿದರು. ಕ್ರಿಸ್ತರ ಮರಣದೊಳಗೆ ತಮ್ಮವರ ಮರಣವನ್ನು ಇರಿಸಿ, ಪುನರುತ್ಥಾನದ ದೃಶ್ಯದಲ್ಲಿ ತಮ್ಮವರಿಗೂ ಭರವಸೆಯನ್ನು ಬೇಡಿದರು. ಎಲ್ಲ ಶ್ರಮೆಯ ನಾಟಕಗಳ ಮೂಲಧಾತು ಇದೇ ಅಲ್ಲವೇ? ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಊರವರೇ ಕೂಡಿ ಆಡುವ ‘ಮಹಿಮೆ’ ನಾಟಕವನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಂದು ಕುತೂಹಲದ ಸಂಗತಿ. ಓಬರಾಮರ್‌ಗೌ ನಾಟಕದ ಉಪಲಬ್ಧ ಪಾಠಗಳಲ್ಲಿ ಅತ್ಯಂತ ಹಳೆಯದು 1662ರ ಹಸ್ತಪ್ರತಿ. ವಿದ್ವಾಂಸರು ಅದನ್ನು ಪರಿಶೀಲಿಸಿದಾಗ ಅದು ಎರಡು ಹಳೆಯ ನಾಟಕಗಳ ಜೋಡಣೆಯೆಂದು ತಿಳಿದುಬಂತು. ಒಂದು, ಆಗ್ಸ್‌ಬರ್ಗ್ ನಗರದ ಸಂತ ಉಲ್ರಿಚ್ ಮತ್ತು ಸಂತ ಆಫ್ರಾ ಮಠದಿಂದ ಬಂದ 15ನೆಯ ಶತಮಾನದ ಕಥೋಲಿಕ ನಾಟಕ. ಇನ್ನೊಂದು, ಅದೇ ನಗರದ ಸೆಬಾಸ್ಟಿಯನ್ ವಿಲ್ಡ್ ಎಂಬ ಕವಿ 16ನೆಯ ಶತಮಾನದಲ್ಲಿ, ಲೂಥರನ ಸುಧಾರಣೆಯ ಪ್ರಭಾವದಲ್ಲಿ ರಚಿಸಿದ ನಾಟಕ. ಕಥೋಲಿಕರೂ ಪ್ರೊಟೆಸ್ಟಂಟರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಯುದ್ಧದ ಕಾಲದಲ್ಲಿ ಹೊತ್ತ ಹರಕೆಯ ಮಾತುಗಳಲ್ಲಿ ಎರಡೂ ಕಡೆಯವರ ವಾಣಿ ಬೆರೆತಿತ್ತು. ಹರಕೆ ಒಂದು ಊರಿನದಾದರೂ ಅದನ್ನು ಸಲ್ಲಿಸುವ ಮಾತು ಊರಾಚೆಯಿಂದ ಬಂದಿತ್ತೆಂಬುದನ್ನು ನಾವು ನೆನಪಿನಲ್ಲಿಡೋಣ. ಮುಂದೆ ಇದರ ಅಗತ್ಯ ಬೀಳುತ್ತದೆ.

1634ರ ನಂತರ 1644, 1654, 1664, 1674 ಹೀಗೆ ನಡೆದು, 1680ರಿಂದ ದಶಕದ ಮೊದಲ ವರ್ಷಕ್ಕೆ ನಾಟಕವನ್ನು ಹೊಂದಿಸಿಕೊಂಡರು. 1750ರಲ್ಲಿ ಎಟ್ಟಾಲ್ ಮಠದ ಫಾದರ್ ಫರ್ಡಿನೆಂಡ್ ರೋಸ್ನರ್ ಹೊಸ ಪಾಠವನ್ನು ಪದ್ಯರೂಪದಲ್ಲಿ ಬರೆದುಕೊಟ್ಟರು. ಅದರಲ್ಲಿ ಸೈತಾನನೂ ಅವನ ಪರಿವಾರವೂ ಪ್ರಮುಖ ಪಾತ್ರಗಳು; ಯೇಸುವಿನ ವಿರುದ್ಧ ಸಂಚು ಹೂಡುವುದು ನರಕದ ಶಕ್ತಿಗಳೇ.

ಆದರೆ 1770ರಲ್ಲಿ ಅಡ್ಡಿ ಬಂತು. ಧರ್ಮದ ಅತಿ ಪವಿತ್ರ ರಹಸ್ಯ ನಾಟಕದ ರಂಗಕ್ಕೆ ತಕ್ಕುದಲ್ಲವೆಂದು ಬವೇರಿಯದ ಸರ್ಕಾರ ಇಂತಹ ಎಲ್ಲ ನಾಟಕಗಳನ್ನೂ ನಿಷೇಧಿಸಿತು. ಆ ವರ್ಷ ಓಬರಾಮರ್‌ಗೌ ಹರಕೆ ಸಲ್ಲಲಿಲ್ಲ. 1780ರಲ್ಲಿ ತಿದ್ದಿದ ಪಾಠದೊಡನೆ ಅನುಮತಿ ದೊರೆಯಿತು. 1803ರಲ್ಲಿ ಸರ್ಕಾರ ಮಠಗಳನ್ನೇ ಮುಚ್ಚಿತು, ಎಟ್ಟಾಲ್ ಬರಿದಾಯಿತು. 1810ರಲ್ಲಿ ಮತ್ತೆ ನಿಷೇಧ. ಗ್ರಾಮಸ್ಥರು ಮ್ಯೂನಿಕ್ಕಿಗೆ ಹೋಗಿ ಮೊರೆಯಿಟ್ಟರು. ಕೊನೆಗೆ ಎಟ್ಟಾಲ್ ಮಠದ ಹಿಂದಿನ ಸನ್ಯಾಸಿ ಫಾದರ್ ಓಟ್ಮಾರ್ ವೈಸ್ ಹೊಸದೊಂದು ಪಾಠವನ್ನು ಗದ್ಯದಲ್ಲಿ, ಶುಭಸಂದೇಶಗಳಿಗೆ ಹತ್ತಿರವಾಗಿ ಬರೆದರು. ಊರಿನ ಶಾಲೆಯ ಉಪಾಧ್ಯಾಯರಾದ ರೋಖುಸ್ ಡೆಡ್ಲರ್ ಸಂಗೀತ ರಚಿಸಿದರು. 1811ರಲ್ಲಿ ಹರಕೆ ಪುನಃ ಸಂದಿತು. ಹಳ್ಳಿಯ ಆ ಉಪಾಧ್ಯಾಯರ ಸಂಗೀತವೇ ಇಂದಿಗೂ ನಾಟಕದ ಸಂಗೀತಕ್ಕೆ ಅಡಿಪಾಯ. ಮುಂದೆ ಅಲ್ಲಿಯ ಧರ್ಮಕೇಂದ್ರದ ಗುರುಗಳಾಗಿದ್ದ ಫಾದರ್ ಯೋಸೆಫ್ ಅಲೋಯಿಸ್ ಡೈಸನ್‌ಬರ್ಗರ್ ಅದೇ ಪಾಠವನ್ನು ಪರಿಷ್ಕರಿಸಿದರು. ಒಂದು ಧರ್ಮಕೇಂದ್ರದಲ್ಲಿ ಒಬ್ಬ ಗುರು, ಒಬ್ಬ ಉಪಾಧ್ಯಾಯ, ಕೆಲವು ಹಠವಾದಿ ರೈತರು ಕೂಡಿದರೆ ಏನು ಉಳಿಯಬಲ್ಲುದು ಎಂಬುದಕ್ಕೆ ಇದು ಸಾಕ್ಷಿ.

1830ರಲ್ಲಿ ನಾಟಕವನ್ನು ಸಮಾಧಿ ಭೂಮಿಯಿಂದ ಊರಂಚಿನ ಬಯಲಿಗೆ ಸಾಗಿಸಿದರು. ಇದು ಬರೀ ಸ್ಥಳಾಂತರವಲ್ಲ. ಸಮಾಧಿಗಳ ಮೇಲೆ ಆಡುವಾಗ ನೋಡುವವರು ಊರವರು, ನೆರೆಯವರು. ಬಯಲಿಗೆ ಬಂದ ಮೇಲೆ ಜಗತ್ತೇ ಬಂದಿತು. ಫ್ರಾನ್ಸಿನೊಡನೆ ನಡೆದ ಯುದ್ಧದಿಂದ 1870ರ ನಾಟಕ ಅರ್ಧಕ್ಕೆ ನಿಂತು 1871ರಲ್ಲಿ ಮುಂದುವರಿದಾಗ ದೊರೆ ಎರಡನೆಯ ಲುಡ್ವಿಗ್ ಅದನ್ನು ಕಂಡು, ಕೃತಜ್ಞತೆಗಾಗಿ 1875ರಲ್ಲಿ ಶಿಲುಬೆಯ ಅಡಿಯಲ್ಲಿ ಮಾತೆ ಮರಿಯಮ್ಮನವರೂ ಸಂತ ಯೊವಾನ್ನರೂ ನಿಂತಿರುವ ಬೃಹತ್ ಶಿಲಾಪ್ರತಿಮೆಯನ್ನು ಊರಿಗೆ ಕೊಟ್ಟನು. 1880ರಿಂದ ಇಂಗ್ಲೆಂಡಿನ ಥಾಮಸ್ ಕುಕ್ ಸಂಸ್ಥೆ ಪ್ರವಾಸಿಗರನ್ನು ಕರೆತಂದಿತು. 1900ರಲ್ಲಿ ರೈಲು ಊರಿಗೇ ಬಂದಿತು. ಅದೇ ವರ್ಷ ನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಕುಳಿತುಕೊಳ್ಳಬಲ್ಲ ಪ್ರೇಕ್ಷಾಗೃಹ ಎದ್ದಿತು. ಪ್ರೇಕ್ಷಕರ ತಲೆಯ ಮೇಲೆ ಚಾವಣಿ, ನಟರ ತಲೆಯ ಮೇಲೆ ಆಕಾಶ. ಮಳೆ ಬಂದರೂ ಶಿಲುಬೆಯ ಮೇಲಿನ ಯೇಸು ನೆನೆಯಲೇಬೇಕು.

ಬಡತನದಲ್ಲಿ ಹೊತ್ತ ಹರಕೆ ಹೀಗೆ ಸಂಪತ್ತನ್ನು ತಂದಿತು. ವಸತಿಗೃಹಗಳು ಎದ್ದವು, ಕೆತ್ತನೆಯ ಅಂಗಡಿಗಳು ತುಂಬಿದವು. ದೇವರಿಗೆ ಸಲ್ಲಬೇಕಾದುದು ಮತ್ತು ಊರಿನ ಬೊಕ್ಕಸಕ್ಕೆ ಸಲ್ಲಬೇಕಾದುದು ಒಂದೇ ಬಾಗಿಲಿನಿಂದ ಒಳಬರುವಾಗ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ನಮ್ಮ ಜಾತ್ರೆ ಹಬ್ಬಗಳನ್ನು ನಡೆಸುವವರು ಇದನ್ನು ಚೆನ್ನಾಗಿ ಬಲ್ಲರು. ಆದರೆ ಓಬರಾಮರ್‌ಗೌ ಊರಿಗೆ ಹಣಕ್ಕಿಂತ ದೊಡ್ಡದೊಂದು ಪರೀಕ್ಷೆ ಕಾದಿತ್ತು.

ಪ್ರಿಯರೇ, ಈಗ ಹೇಳುವ ಮಾತು ಉತ್ಸವದ ದಿನಕ್ಕೆ ಹಿತವಲ್ಲದಿದ್ದರೂ ಹೇಳದೆ ಬಿಡುವುದು ಸತ್ಯಕ್ಕೆ ದ್ರೋಹ. ಫಾದರ್ ವೈಸ್ ಅವರು ತಮ್ಮ ಪಾಠದಿಂದ ಸೈತಾನನನ್ನು ತೆಗೆದುಹಾಕಿದಾಗ, ಯೇಸುವಿನ ಮರಣದ ಹೊಣೆ ಹೊರಲು ರಂಗದ ಮೇಲೆ ಯೆಹೂದ್ಯರು ಮಾತ್ರ ಉಳಿದರು. ಹಣದಾಸೆಯ ವರ್ತಕರು, ಸೇಡಿನ ಯಾಜಕರು, ರಕ್ತಕ್ಕಾಗಿ ಕೂಗುವ ಜನಸಮೂಹ, ಇವರ ಎದುರಿನಲ್ಲಿ ಪಾಪ ಎನಿಸುವ ಪಿಲಾತ. ಯೇಸು ಯೆಹೂದ್ಯರು, ಮಾತೆ ಮರಿಯಮ್ಮನವರು ಯೆಹೂದ್ಯರು, ಪ್ರೇಷಿತರೆಲ್ಲರೂ ಯೆಹೂದ್ಯರು ಎಂಬುದು ನೋಡುವವರ ಕಣ್ಣಿಂದ ಮರೆಯಾಯಿತು. ಭಕ್ತಿಯಿಂದ ಕಣ್ಣೀರು ಸುರಿಸಿದ ಜನ ಮನೆಗೆ ಹೋಗುವಾಗ ನೆರೆಯ ಯೆಹೂದ್ಯನ ಮೇಲೆ ದ್ವೇಷವನ್ನೂ ಹೊತ್ತುಹೋಗುವಂತಾಯಿತು.

ಮೊದಲನೆಯ ಮಹಾಯುದ್ಧದ ಕಾರಣ 1920ರ ನಾಟಕ 1922ಕ್ಕೆ ಮುಂದೂಡಲ್ಪಟ್ಟಿತು. ಆಗ ಯೇಸುವಿನ ಪಾತ್ರ ವಹಿಸಿದವರು ಆಂಟನ್ ಲಾಂಗ್ ಎಂಬ ಕುಂಬಾರರು. 1900 ಮತ್ತು 1910ರಲ್ಲಿಯೂ ಅವರೇ. 1934ರಲ್ಲಿ ಹರಕೆಗೆ ಮುನ್ನೂರು ವರ್ಷ ತುಂಬಿದ ವಿಶೇಷ ನಾಟಕ ನಡೆಯಿತು. ಆ ವರ್ಷದ ಆಗಸ್ಟಿನಲ್ಲಿ ಪ್ರೇಕ್ಷಕರಲ್ಲಿ ಒಬ್ಬ ಅಡಾಲ್ಫ್ ಹಿಟ್ಲರ್. ಅವನು 1930ರಲ್ಲಿಯೂ ಬಂದಿದ್ದನು. ಮುಂದೆ ಯುದ್ಧದ ನಡುವೆ, 1942ರಲ್ಲಿ, ಯೆಹೂದ್ಯರ ಬಗೆಗೆ ಜನರಿಗೆ ಎಚ್ಚರಿಕೆ ನೀಡಲು ಈ ನಾಟಕ ಮುಂದುವರಿಯಬೇಕೆಂದು ಅವನು ತನ್ನವರೊಡನೆ ಹೇಳಿದ್ದು ದಾಖಲಾಗಿದೆ. ನಟರಲ್ಲಿ ಅನೇಕರು ನಾಜಿ ಪಕ್ಷದ ಸದಸ್ಯರಾಗಿದ್ದರು. 1940ರ ನಾಟಕ ಯುದ್ಧದಿಂದ ನಿಂತುಹೋಯಿತು. ಆ ಯುದ್ಧ ಮುಗಿಯುವ ವೇಳೆಗೆ ಯೂರೋಪಿನ ಸುಮಾರು 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟಿದ್ದರು.

ಒಂದು ಪ್ರಾಣಘಾತುಕ ರೋಗದಿಂದ ಪಾರಾದುದಕ್ಕೆ ಕೃತಜ್ಞತೆಯಾಗಿ ಹೊತ್ತ ಹರಕೆ ಮತ್ತೊಂದು ರೋಗವನ್ನು ಹರಡುವ ಸಾಧನವಾಗಿತ್ತು. ಹಾಗಾದರೆ ಹರಕೆಯನ್ನು ಕೈಬಿಡಬೇಕೇ? ಇಲ್ಲವೇ ಹಿರಿಯರು ಕೊಟ್ಟದ್ದೆಂದು ಅಕ್ಷರ ತಪ್ಪದೆ ಆಡಬೇಕೇ? 1950ರಲ್ಲಿ ಊರು ಎರಡನೆಯ ದಾರಿಯನ್ನೇ ಹಿಡಿಯಿತು. ಹಳೆಯ ಪಾಠವೇ ರಂಗವೇರಿತು. ಜನ ಹಿಂದಿನಂತೆಯೇ ಕಿಕ್ಕಿರಿದು ಬಂದರು.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆಯನ್ನು ಹೊರಡಿಸಿತು. ಕ್ರಿಸ್ತರ ಮರಣದ ಅಪರಾಧವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದು ಎಂಬುದು ಅದರ ಬೋಧನೆ. ಧರ್ಮಸಭೆಯೇ ಹೀಗೆ ನುಡಿದ ಮೇಲೆ ಹಳೆಯ ಪಾಠಕ್ಕೆ ಆಧಾರವೆಲ್ಲಿ? ಮ್ಯೂನಿಕ್ಕಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಯೂಲಿಯುಸ್ ಡೆಪ್ಫ್ನರ್ ಪಾಠವನ್ನು ಸುಧಾರಿಸಬೇಕೆಂದು ಸೂಚಿಸಿದರು. ಅಮೆರಿಕದ ಯೆಹೂದ್ಯ ಸಂಸ್ಥೆಗಳು 1970ರ ನಾಟಕವನ್ನು ಬಹಿಷ್ಕರಿಸಲು ಕರೆಕೊಟ್ಟವು. ಊರಿನಲ್ಲಿ ಎರಡು ಪಕ್ಷಗಳಾದವು. ಹಿರಿಯರ ಮಾತನ್ನು ಮುಟ್ಟಬಾರದೆನ್ನುವವರು ಒಂದೆಡೆ. ಮುಟ್ಟದಿದ್ದರೆ ಹರಕೆಯೇ ಕಲುಷಿತವಾಗುವುದೆನ್ನುವವರು ಇನ್ನೊಂದೆಡೆ. 1977ರಲ್ಲಿ ಹಾನ್ಸ್ ಶ್ವೈಗ್‌ಹೋಫರ್ ಎಂಬ ಶಿಲ್ಪಿ, ರೋಸ್ನರ್ ಅವರ ಹಳೆಯ ಪಾಠವನ್ನು ಪ್ರಯೋಗವಾಗಿ ಆಡಿಸಿ ತೋರಿಸಿದನು. ಸೈತಾನನ ಮೇಲೆ ಹೊಣೆ ಹೊರಿಸುವ ಆ ಪಾಠ ಇನ್ನೂ ಪುರಾತನವಾದುದು. ಆದರೂ ಊರು ಅದನ್ನು ಒಪ್ಪಲಿಲ್ಲ. 1980ರಲ್ಲಿಯೂ 1984ರ ವಿಶೇಷ ವರ್ಷದಲ್ಲಿಯೂ ಸಣ್ಣಪುಟ್ಟ ತಿದ್ದುಪಡಿಗಳೊಡನೆ ಹಳೆಯದೇ ನಡೆಯಿತು. ತಾವು ‘ಸಂಪ್ರದಾಯ’ ಎಂದು ಕಾಪಾಡುತ್ತಿರುವುದು ಅದಕ್ಕಿಂತ ಹಳೆಯದೊಂದು ಸಂಪ್ರದಾಯವನ್ನು ತಳ್ಳಿ ಬಂದುದೆಂಬುದು ಜನಕ್ಕೆ ಬೇಗನೆ ಮನವರಿಕೆಯಾಗುವುದಿಲ್ಲ.

ಬದಲಾವಣೆ ಬಂದುದು ಮುಂದಿನ ತಲೆಮಾರಿನಿಂದ. 1987ರಲ್ಲಿ ಗ್ರಾಮಸಭೆ ಕ್ರಿಸ್ಟಿಯಾನ್ ಶ್ಟ್ಯೂಕ್ಲ್ ಎಂಬ ತರುಣನನ್ನು ನಿರ್ದೇಶಕನನ್ನಾಗಿ ಆರಿಸಿತು. ಊರಿನ ವಸತಿಗೃಹದ ಮನೆತನದವನು, ಕಸುಬಿನಿಂದ ಮರಗೆತ್ತನೆಗಾರ, 1961ರಲ್ಲಿ ಹುಟ್ಟಿದವನು. ಅಲ್ಲಿಯವರೆಗೆ ಮದುವೆಯಾದ ಸ್ತ್ರೀಯರಿಗೂ 35 ವರ್ಷ ಮೀರಿದ ಸ್ತ್ರೀಯರಿಗೂ ರಂಗದ ಮೇಲೆ ಸ್ಥಾನವಿರಲಿಲ್ಲ. ಊರಿನ ಕೆಲವು ಮಹಿಳೆಯರು ನ್ಯಾಯಾಲಯಕ್ಕೆ ಹೋದರು. 1990ರಲ್ಲಿ ತೀರ್ಪು ಅವರ ಪರವಾಯಿತು. ಅದೇ ವರ್ಷ ಪ್ರೊಟೆಸ್ಟಂಟರಿಗೂ ಮುಖ್ಯ ಪಾತ್ರಗಳು ದೊರೆತವು. 1662ರ ಹಸ್ತಪ್ರತಿಯನ್ನು ನೆನೆದರೆ ಇದು ಹೊಸತೇನೂ ಅಲ್ಲ. ತಡವಾಗಿ ತೀರಿದ ಋಣ ಮಾತ್ರ.

2000ದ ನಾಟಕಕ್ಕಾಗಿ ಶ್ಟ್ಯೂಕ್ಲ್ ಹಾಗೂ ಓಟ್ಟೋ ಹೂಬರ್ ಪಾಠವನ್ನು ಬುಡದಿಂದಲೇ ಪರಿಶೀಲಿಸಿದರು. ಯೆಹೂದ್ಯ ವಿದ್ವಾಂಸರೊಡನೆ ಕುಳಿತು ಚರ್ಚಿಸಿದರು. ಯೇಸುವಿನ ರಕ್ತದ ಹೊಣೆಯನ್ನು ಜನಸಮೂಹ ತನ್ನ ಮೇಲೂ ತನ್ನ ಸಂತತಿಯ ಮೇಲೂ ಎಳೆದುಕೊಳ್ಳುವ, ಶತಮಾನಗಳ ಕಾಲ ದುರ್ಬಳಕೆಗೊಂಡ ಆ ಮಾತನ್ನು ರಂಗದಿಂದ ತೆಗೆದರು. ಪಿಲಾತನು ನಿರಪರಾಧಿಯಾಗಿ ಉಳಿಯಲಿಲ್ಲ, ಕ್ರೂರ ಅಧಿಕಾರಿಯಾದನು. ಯಾಜಕರ ಸಭೆಯಲ್ಲಿ ಯೇಸುವಿನ ಪರವಾಗಿಯೂ ದನಿಗಳು ಎದ್ದವು. ಶಿಷ್ಯರು ತಮ್ಮ ಗುರುವನ್ನು ‘ರಬ್ಬಿ’ ಎಂದು ಕರೆದರು. ಯೇಸು ಹೀಬ್ರೂ ಭಾಷೆಯಲ್ಲಿ ಪ್ರಾರ್ಥಿಸಿದರು. ಮುಂದಿನ ನಾಟಕಗಳಲ್ಲಿ ‘ಶೆಮಾ ಇಸ್ರಾಯೇಲ್’ ಎಂಬ ಯೆಹೂದ್ಯ ಪ್ರಾರ್ಥನೆಯನ್ನು ಇಡೀ ಜನಸಮೂಹ ಯೇಸುವಿನೊಡನೆ ಹಾಡಿತು. ಪ್ರಧಾನ ನಟರನ್ನು ಜೆರುಸಲೇಮಿಗೂ, ಹತರಾದ ಯೆಹೂದ್ಯರ ಸ್ಮಾರಕವಾದ ಯಾದ್ ವಾಶೆಮ್‌ಗೂ ಕರೆದೊಯ್ಯುವುದು ಸಿದ್ಧತೆಯ ಒಂದು ಅಂಗವಾಯಿತು. 2022ರಲ್ಲಿ ಉಪನಿರ್ದೇಶಕರಾಗಿದ್ದವರು ಊರಿನಲ್ಲಿಯೇ ಬೆಳೆದ, ತುರ್ಕಿ ಮೂಲದ ಮುಸ್ಲಿಂ ಕುಟುಂಬದ ಅಬ್ದುಲ್ಲಾ ಕೆನಾನ್ ಕರಾಜಾ. ಯೂದನ ಪಾತ್ರ ವಹಿಸಿದವರಲ್ಲಿ ಒಬ್ಬರೂ ಅಂತಹ ಕುಟುಂಬದ ತರುಣರೇ. ಇದನ್ನು ಕಂಡು ಹುಬ್ಬೇರಿಸಿದವರು ಊರಿನಲ್ಲಿಯೂ ಇದ್ದರು. ಆದರೆ ಹರಕೆ ಹೊತ್ತುದು ಊರು. ಊರಿನಲ್ಲಿ ಹುಟ್ಟಿ ಬೆಳೆದವನು ಊರಿನವನಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅವರಿಗೆ ಕಷ್ಟವಾಯಿತು.

ಇನ್ನು ಆ ಹರಕೆ ದಿನನಿತ್ಯದ ಬಾಳಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ರಂಗವೇರುವ ಹಕ್ಕು ಆ ಊರಿನಲ್ಲಿ ಹುಟ್ಟಿದವರಿಗೆ, ಇಲ್ಲವೇ 20 ವರ್ಷ ಅಲ್ಲಿ ವಾಸಿಸಿದವರಿಗೆ. ಮಕ್ಕಳಿಗೆ ಈ ಅವಧಿಯ ಕಟ್ಟು ಇಲ್ಲ. ವೃತ್ತಿ ನಟರು ಯಾರೂ ಇಲ್ಲ. ಯಾರಿಗೆ ಯಾವ ಪಾತ್ರವೆಂಬುದನ್ನು ಎಲ್ಲರೂ ನೆರೆದಿರುವಾಗ ಪ್ರೇಕ್ಷಾಗೃಹದ ಮುಂದೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ. ಪ್ರಮುಖ ಪಾತ್ರಗಳಿಗೆ ಇಬ್ಬಿಬ್ಬರು. ಒಬ್ಬರು ಆಡುವ ದಿನ ಇನ್ನೊಬ್ಬರು ತಮ್ಮ ಕೆಲಸಕ್ಕೆ ಹೋಗಬಹುದು. ನಾಟಕದ ಹಿಂದಿನ ವರ್ಷದ ಬೂದಿ ಬುಧವಾರದಂದು ಪ್ರಕಟಣೆ ಹೊರಡುತ್ತದೆ: ಅಂದಿನಿಂದ ಪಾತ್ರಧಾರಿಗಳು ತಲೆಗೂದಲನ್ನಾಗಲಿ ಗಡ್ಡವನ್ನಾಗಲಿ ಕತ್ತರಿಸಕೂಡದು. ರೋಮನ್ ಸೈನಿಕರಿಗೆ ಮಾತ್ರ ವಿನಾಯಿತಿ. ಕೃತಕ ಕೂದಲು ಅಲ್ಲಿ ನಿಷಿದ್ಧ. ವೇಳಾಂಗಣ್ಣಿಗೆ ಮುಡಿ ಕೊಡುವ ಹರಕೆಯನ್ನು ಬಲ್ಲ ನಮಗೆ ಮುಡಿ ಬಿಡುವ ಹರಕೆ ಅಪರಿಚಿತವಲ್ಲ. ಬಡಗಿ, ವೈದ್ಯ, ವಿದ್ಯಾರ್ಥಿ, ಅಂಗಡಿಯವನು ಎಲ್ಲರೂ ಉದ್ದ ಕೂದಲಿನಲ್ಲಿ ತಿರುಗುವ ಆ ವರ್ಷ, ಬೀದಿಯಲ್ಲಿ ಕಂಡವರೆಲ್ಲ ಶುಭಸಂದೇಶದ ಪುಟದಿಂದ ಎದ್ದುಬಂದವರಂತೆ ತೋರುತ್ತಾರೆ.

ನಾಟಕ ಮೇ ತಿಂಗಳಿನಿಂದ ಅಕ್ಟೋಬರ್ ಆರಂಭದವರೆಗೆ ನೂರಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ನಡುವೆ ಊಟದ ಬಿಡುವು ಕೊಟ್ಟು ಸುಮಾರು ಐದು ಗಂಟೆಗಳ ಕಾಲ. ಹಳೆಯ ಒಡಂಬಡಿಕೆಯ ಘಟನೆಗಳನ್ನು ಅಲುಗಾಡದ ಸಜೀವ ಚಿತ್ರಗಳಾಗಿ ತೋರಿಸಿ, ಅವುಗಳ ನಡುವೆ ಶ್ರಮೆಯ ಕಥೆಯನ್ನು ಹೆಣೆಯುತ್ತಾರೆ. 2022ರಲ್ಲಿ ಚಿಕ್ಕ ಮಕ್ಕಳಿಂದ ಮುದುಕರವರೆಗೆ ಸುಮಾರು 1,800 ಮಂದಿ, ಎಂದರೆ ಊರಿನ ಮೂರರಲ್ಲೊಂದು ಪಾಲು ಜನ, ಅದರಲ್ಲಿ ಭಾಗವಹಿಸಿದರು. ಹೊಸಾನ್ನ ಎಂದು ಕೂಗುವ ಮೆರವಣಿಗೆಯಲ್ಲಿ ಅಜ್ಜಿ, ತಾಯಿ, ಮಗು ಮೂವರೂ ಒಟ್ಟಿಗೆ ನಡೆಯುತ್ತಾರೆ. ಹತ್ತು ವರ್ಷಗಳ ನಂತರ ಆ ಮಗು ಗರಿಯ ಬದಲು ವಾದ್ಯ ಹಿಡಿದಿರುತ್ತದೆ. ಇನ್ನು ಹತ್ತು ವರ್ಷಕ್ಕೆ ಶಿಷ್ಯರ ಪಾತ್ರಕ್ಕೆ ಏರುತ್ತದೆ. ಅಲ್ಲಿ ಜನ ತಮ್ಮ ಆಯುಷ್ಯವನ್ನು ನಾಟಕಗಳಿಂದ ಎಣಿಸುತ್ತಾರೆಂದರೆ ತಪ್ಪಾಗದು.

ಉಳಿದ ಒಂಬತ್ತು ವರ್ಷ ಆ ಊರು ಸುಮ್ಮನೆ ಕೂರುವುದಿಲ್ಲ. ಮರಗೆತ್ತನೆಯ ಶಾಲೆ ನಡೆಯುತ್ತದೆ. ಗಾಯನ ವೃಂದವೂ ವಾದ್ಯ ವೃಂದವೂ ಅಭ್ಯಾಸ ಬಿಡುವುದಿಲ್ಲ. ಆಗಸ್ಟ್ 24ರ ರಾತ್ರಿ, ದೊರೆ ಲುಡ್ವಿಗನ ಜನ್ಮದಿನದ ಮುನ್ನಾದಿನ, ತರುಣರು ಕೋಫೆಲ್ ಹಾಗೂ ಸುತ್ತಲಿನ ಬೆಟ್ಟಗಳ ಮೇಲೆ ದೀವಟಿಗೆ ಉರಿಸುತ್ತಾರೆ. ವರ್ಷದ ಕೊನೆಯ ರಾತ್ರಿ ಬೆಳಗುವ ದೊಡ್ಡ ನಕ್ಷತ್ರವನ್ನು ಹೊತ್ತು, ಹಾಡುತ್ತ ಬೀದಿಗಳಲ್ಲಿ ಸಾಗುತ್ತಾರೆ. ಕೂಡಿ ಹಾಡುವುದನ್ನೂ ಕೂಡಿ ನಡೆಯುವುದನ್ನೂ ಮರೆಯದ ಊರು ಮಾತ್ರವೇ ಹತ್ತನೆಯ ವರ್ಷ ಕೂಡಿ ಆಡಬಲ್ಲುದು.

2020ರಲ್ಲಿ ಎಲ್ಲವೂ ಸಿದ್ಧವಾಗಿದ್ದಾಗ ಕೊರೋನಾ ಮಾರಿ ಬಂದಿತು. ಮಾರ್ಚ್ ತಿಂಗಳಿನಲ್ಲಿ ನಾಟಕವನ್ನು 2022ಕ್ಕೆ ಮುಂದೂಡಿದರು. ಒಂದು ವರ್ಷದಿಂದ ಬೆಳೆಸಿದ ಕೂದಲು ಗಡ್ಡಗಳನ್ನು ಕತ್ತರಿಸಿದರು. ಮಾರಿಯಿಂದ ಹುಟ್ಟಿದ ಹರಕೆಗೆ ಮಾರಿಯೇ ತಡೆಯಾಯಿತೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆದರೆ ಊರಿನವರು ಕಂಡುಕೊಂಡದ್ದು ಬೇರೆ. ದಾರಿಗೆ ಕಾವಲು ಹಾಕಿದ, ಮನೆಯೊಳಗೆ ಹೆದರಿ ಕುಳಿತ, ಸತ್ತವರನ್ನು ಎಣಿಸಿದ 1633ರ ಆ ಪೂರ್ವಿಕರು ಏಕಾಏಕಿ ಹತ್ತಿರದವರಾದರು. 2021ರ ಬೂದಿ ಬುಧವಾರದಂದು ಪುನಃ ಪ್ರಕಟಣೆ ಹೊರಟಿತು. ಕೂದಲು ಪುನಃ ಬೆಳೆಯಿತು. 2022ರ ಮೇ 14ರಂದು ನಾಟಕ ಆರಂಭವಾಗಿ ಅಕ್ಟೋಬರ್ 2ರಂದು ಮುಗಿಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕ್ರಮದಂತೆ ಮುಂದಿನ ಸರದಿ 2030.

ಸಹೋದರ ಸಹೋದರಿಯರೇ, ಈ ವೃತ್ತಾಂತದಿಂದ ನಮ್ಮ ಶತಮಾನೋತ್ಸವಕ್ಕೆ ದೊರೆಯುವ ಪಾಠವೇನು? ಮೂರು ಮಾತುಗಳಲ್ಲಿ ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ಹಿರಿಯರ ಹರಕೆ ಕಿರಿಯರ ಮೇಲೆ ತಾನಾಗಿ ಇಳಿಯುವುದಿಲ್ಲ. ಓಬರಾಮರ್‌ಗೌ ಜನ ಪ್ರತಿ ನಾಟಕಕ್ಕೂ ಮುನ್ನ ಕೂಡಿ ಹರಕೆಯನ್ನು ಹೊಸದಾಗಿ ಹೊರುತ್ತಾರೆ. 1633ರಲ್ಲಿ ಹೊತ್ತದ್ದು ಸಾಕಾಗುವುದಿಲ್ಲ. ಈ ದೇವಾಲಯವನ್ನು ನಮ್ಮ ಅಜ್ಜಂದಿರು ಕಟ್ಟಿದರೆಂಬ ಅಭಿಮಾನ ನಮಗೆ ಸಲ್ಲುವುದು, ನಾವೂ ಏನನ್ನಾದರೂ ಹೊತ್ತಾಗ ಮಾತ್ರ.

ಎರಡನೆಯದಾಗಿ, ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪುಗಳನ್ನೂ ಕಾಪಾಡುವುದಲ್ಲ. ಆ ಊರಿನ ಜನ ತಮ್ಮ ತಂದೆತಾತಂದಿರ ಪಾಠವನ್ನು ತಿದ್ದಿದಾಗ ಹರಕೆಯನ್ನು ಮುರಿಯಲಿಲ್ಲ; ಕ್ರಿಸ್ತರ ಶ್ರಮೆಯನ್ನು ತೋರಿಸುವೆವೆಂಬ ಮೂಲವಚನವನ್ನು ಹಿಂದಿಗಿಂತ ಚೆನ್ನಾಗಿ ಪಾಲಿಸಿದರು. ನೆರೆಯವನ ಮೇಲೆ ದ್ವೇಷ ಬಿತ್ತುವ ಭಕ್ತಿ ಎಷ್ಟೇ ಹಳೆಯದಾಗಿರಲಿ, ಎಷ್ಟೇ ಕಣ್ಣೀರು ತರಿಸಲಿ, ಅದು ಶಿಲುಬೆಯಡಿಯ ಭಕ್ತಿಯಲ್ಲ. ನಮ್ಮ ನೂರು ವರ್ಷಗಳ ಲೆಕ್ಕದಲ್ಲಿಯೂ ಯಾರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದೆವು, ಯಾರ ಹೆಣವನ್ನು ಸಮಾಧಿಯ ಯಾವ ಮೂಲೆಗೆ ಕಳಿಸಿದೆವು, ಯಾವ ಕುಲದವರನ್ನು ಪಲ್ಲಕ್ಕಿ ಹೊರಲು ಬಿಡಲಿಲ್ಲ ಎಂಬ ಪ್ರಶ್ನೆಗಳನ್ನು ನಮ್ಮ ನಮ್ಮ ಅಂತಃಸಾಕ್ಷಿಗೆ ಕೇಳಿಕೊಳ್ಳಬೇಕಾಗಿದೆ. ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವ ಚರಿತ್ರೆಯ ಜೊತೆಗೆ ಅಚ್ಚಾಗದ ಚರಿತ್ರೆಯೂ ದೇವರ ಮುಂದೆ ತೆರೆದೇ ಇರುತ್ತದೆ.

ಮೂರನೆಯದಾಗಿ, ಹರಕೆ ಊರಿನದು. ಊರೆಂದರೆ ಯಾರು ಎಂಬುದನ್ನು ಪ್ರತಿ ತಲೆಮಾರೂ ವಿಸ್ತರಿಸಬೇಕು. ಆ ಊರು ಮೊದಲು ಮದುವೆಯಾದ ಹೆಂಗಸರನ್ನು, ಆಮೇಲೆ ಅನ್ಯ ಸಭೆಯವರನ್ನು, ಆಮೇಲೆ ಅನ್ಯ ಧರ್ಮದ ನೆರೆಯವರನ್ನು ತನ್ನವರೆಂದು ಕಂಡಿತು. ಒಬ್ಬೊಬ್ಬರಿಗೂ ಬಾಗಿಲು ತೆರೆದಾಗ ಹರಕೆ ಸಡಿಲವಾಗುವುದೆಂಬ ಭಯವಿತ್ತು. ಸಡಿಲವಾಗಲಿಲ್ಲ; ಹೊರುವ ಹೆಗಲುಗಳು ಹೆಚ್ಚಿದವು.

ಸಮಾಧಿಗಳ ಮೇಲೆ ಹಲಗೆ ಹಾಸಿ ಪ್ರಭುವಿನ ಕಥೆ ಹೇಳಿದ ಆ ಬಡ ಕೆತ್ತನೆಗಾರರು ತಮ್ಮ ಮೊಮ್ಮಕ್ಕಳ ಕಾಲದ ಬಗೆಗೆ ಏನನ್ನೂ ತಿಳಿದಿರಲಿಲ್ಲ. ಬದುಕುಳಿದುದಕ್ಕೆ ಕೃತಜ್ಞರಾಗಿದ್ದರು, ಅಷ್ಟೇ. ಈ ದೇವಾಲಯಕ್ಕೆ ಮೊದಲ ಕಲ್ಲು ಹೊತ್ತವರ ಕೃತಜ್ಞತೆಯೂ ಅಂತಹುದೇ. ಎರಡನೆಯ ಶತಮಾನದ ಹೊಸಿಲಲ್ಲಿ ನಿಂತ ನಮಗೆ ಪ್ರಭು ಅದೇ ಕೃತಜ್ಞತೆಯನ್ನೂ, ತಿದ್ದಿಕೊಳ್ಳುವ ಧೈರ್ಯವನ್ನೂ, ಎಲ್ಲರನ್ನೂ ಒಳಗೆ ಕರೆಯುವ ವಿಶಾಲ ಹೃದಯವನ್ನೂ ದಯಪಾಲಿಸಲಿ. ಮಾತೆ ಮರಿಯಮ್ಮನವರ ಮಧ್ಯಸ್ಥಿಕೆ ನಮ್ಮೊಡನಿರಲಿ.